ಮುಖಪುಟಕ್ಕೆ ಆರೋಪಿಯ ಫೋಟೊ ಹಾಕುವ ಮುನ್ನ

ಬಳ್ಳಾರಿ, ಕೊಪ್ಪಳದ ಕಡೆ ವಾರಪತ್ರಿಕೆ ನಡೆಸುವವರಿಗೆ ಕ್ರೈಂ ಮುಖಪುಟ ಎಂದರೆ ಬೇಗ ಖರ್ಚಾಗುವ ಸಂಚಿಕೆ. ಜನ ಕಚೇರಿ ಬಾಗಿಲಿಗೆ ಬರುವುದೂ ಅದೇ ಸಂಚಿಕೆ ಹಿಡಿದುಕೊಂಡು. ಫೋಟೊಗಿಂತ ಅದನ್ನು ಹೇಗೆ ತಿದ್ದಿದಿರಿ, ಎಲ್ಲಿಟ್ಟಿರಿ ಎನ್ನುವುದೇ ಹೆಚ್ಚಾಗಿ ಸಿಟ್ಟಿಗೆ ಕಾರಣ.

1994ರ ಜೂನ್‌ನಲ್ಲಿ ಅಮೆರಿಕದ ‘ಟೈಮ್’ ಮತ್ತು ‘ನ್ಯೂಸ್‌ವೀಕ್’ ಕೊಲೆ ಆರೋಪ ಹೊತ್ತಿದ್ದ ಮಾಜಿ ಫುಟ್‌ಬಾಲ್ ತಾರೆ, ಕಪ್ಪುವರ್ಣೀಯ ಒ.ಜೆ. ಸಿಂಪ್ಸನ್‌ನ ಒಂದೇ ಪೊಲೀಸ್ ಫೋಟೊವನ್ನು ಮುಖಪುಟಕ್ಕೆ ಹಾಕಿದವು. ‘ಟೈಮ್’ ಮುಖವನ್ನು ಕಪ್ಪಾಗಿಸಿತ್ತು. ಅಂಗಡಿಯಲ್ಲಿ ಎರಡೂ ಅಕ್ಕಪಕ್ಕ ಕೂತಾಗ ವ್ಯತ್ಯಾಸ ಕಣ್ಣಿಗೆ ಹೊಡೆಯಿತು. ಕಪ್ಪು ಜನರನ್ನು ಪಾತಕಿಗಳಂತೆ ತೋರಿಸಿದಿರಿ ಎಂದು ಓದುಗರು ಮುಗಿಬಿದ್ದರು. 2013ರಲ್ಲಿ ಸಂಗೀತ ಪತ್ರಿಕೆ ‘ರೋಲಿಂಗ್ ಸ್ಟೋನ್’ ಮುಖಪುಟಕ್ಕೆ ಹಾಕಿದ ಬಾಸ್ಟನ್ ಬಾಂಬ್ ಆರೋಪಿಯ ಫೋಟೊ ಅವನೇ ತೆಗೆದುಕೊಂಡದ್ದು. ಅದೇ ಚಿತ್ರ ಮೊದಲೇ ‘ನ್ಯೂಯಾರ್ಕ್ ಟೈಮ್ಸ್‌’ನಲ್ಲಿ ಬಂದಾಗ ಅಂಥ ಗದ್ದಲ ಎದ್ದಿರಲಿಲ್ಲ. ಹಾಡುಗಾರರು ಮಿಂಚುವ ಜಾಗದಲ್ಲಿ ಅವನು ಕಂಡದ್ದೇ ತಡ, ಸಿವಿಎಸ್, ವಾಲ್‌ಗ್ರೀನ್ಸ್‌ನಂಥ ಮಳಿಗೆಗಳು ಸಂಚಿಕೆ ಮಾರುವುದಿಲ್ಲ ಎಂದವು.

ನಮ್ಮಲ್ಲಿ ಮೊದಲ ಪ್ರಶ್ನೆ ವಯಸ್ಸು. 18 ತುಂಬದವರಾದರೆ ಹೆಸರು, ಶಾಲೆ, ಊರು, ಫೋಟೊ ಯಾವುದೂ ಬೇಡ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಆಮೇಲೆ ತನಿಖಾಧಿಕಾರಿಗೆ ಫೋನ್ ಮಾಡಿ, ಗುರುತು ಪತ್ತೆ ಪರೇಡ್ (ಹಲವರ ನಡುವೆ ನಿಲ್ಲಿಸಿದ ಆರೋಪಿಯನ್ನು ಸಾಕ್ಷಿ ಗುರುತಿಸುವುದು) ಬಾಕಿ ಇದೆಯೇ ಕೇಳಿ. ಇದ್ದರೆ ಮುಖ ಮುಚ್ಚಿಯೇ ಹಾಕಿ. ಸಾಕ್ಷಿ ನಿಮ್ಮ ಪತ್ರಿಕೆಯಲ್ಲಿ ಮುಖ ನೋಡಿಬಿಟ್ಟರೆ ಪರೇಡ್‌ಗೆ ಬೆಲೆ ಉಳಿಯುವುದಿಲ್ಲ, ವಕೀಲರು ಹಿಡಿಯುವುದು ಅದನ್ನೇ.

ಮುದ್ರಣದಲ್ಲಿ ಎಡವುವವರೇ ಹೆಚ್ಚು. ನ್ಯೂಸ್‌ಪ್ರಿಂಟ್ ಕಾಗದ ಶಾಯಿ ಹೀರಿ, ಚಿತ್ರ ಮೂಡಿಸುವ ಶಾಯಿಯ ಚುಕ್ಕಿ ಹಿಗ್ಗುತ್ತದೆ: ಫೈಲಿನಲ್ಲಿ ಶೇ 50 ಇದ್ದ ಛಾಯೆ ಕಾಗದದ ಮೇಲೆ ಸುಮಾರು ಶೇ 75 ಆಗಿ ಕೂರುತ್ತದೆ. ನಮ್ಮ ಬಿಸಿಲ ನಾಡಿನ ಮೈಬಣ್ಣಕ್ಕೆ ಇದು ಸೇರಿದರೆ, ಯಾರ ದುರುದ್ದೇಶವೂ ಇಲ್ಲದೆ ‘ಟೈಮ್’ ಮಾಡಿದ್ದೇ ಇಲ್ಲೂ ಆಗುತ್ತದೆ. ಪ್ರೆಸ್‌ನವರಿಂದ ನ್ಯೂಸ್‌ಪ್ರಿಂಟ್ ಪ್ರೊಫೈಲ್ (ಆ ಕಾಗದಕ್ಕೆ ಬಣ್ಣ ಹೊಂದಿಸುವ ಫೈಲು) ಕೇಳಿ ಪಡೆದು ಅದರಲ್ಲೇ ಸಿಎಂವೈಕೆಗೆ, ಅಂದರೆ ಮುದ್ರಣದ ನಾಲ್ಕು ಶಾಯಿಗಳ ಬಣ್ಣಕ್ಕೆ, ಬದಲಿಸಿ. ನಾಲ್ಕೂ ಶಾಯಿಗಳ ಪ್ರಮಾಣ ಕೂಡಿದರೆ ಶೇ 220–240 ದಾಟದಿರಲಿ. ಪ್ರೊಫೈಲ್ ಹಾಕಿದ ಮೇಲೆ ಮತ್ತೆ ಫೋಟೊ ತಿದ್ದುವ ತಂತ್ರಾಂಶದ ಕರ್ವ್ಸ್‌ನಲ್ಲಿ ತಿಳಿ ಮಾಡಬೇಡಿ, ಮುಖ ಬಿಳಿಚಿಕೊಳ್ಳುತ್ತದೆ. ಕೆಂಪು ಛಾಯೆ, ಕಂಬಿ, ಬೇಡಿ, ರಕ್ತದ ಕಲೆಯ ಗ್ರಾಫಿಕ್ ಬೇಡವೇ ಬೇಡ. ಅವು ತೀರ್ಪು ಕೊಡುತ್ತವೆ.

ಫೋಟೊ ಆಯ್ಕೆಯಲ್ಲಿ ನಮ್ಮ ಜಿಲ್ಲೆಗಳದ್ದೇ ಒಂದು ಚಾಳಿಯಿದೆ. ಅಕ್ರಮ ಗಣಿಗಾರಿಕೆಯ ಆರೋಪಿಗೆ ಇಸ್ತ್ರಿ ಅಂಗಿ, ಮುಗಿದ ಕೈ. ಬೈಕ್ ಕದ್ದವನಿಗೆ ಠಾಣೆಯ ಮುಂದೆ ಕುಕ್ಕರಗಾಲಲ್ಲಿ ಕೂರಿಸಿದ ಚಿತ್ರ. ಇಬ್ಬರೂ ಆರೋಪಿಗಳೇ. ಭುಜದವರೆಗಿನ, ನೇರ ನೋಟದ ಫೋಟೊ ಇಬ್ಬರಿಗೂ ಸಾಕು.

ತಲೆಬರಹದಿಂದ ‘ಖದೀಮರು’, ‘ಖತರ್ನಾಕ್’ ತೆಗೆಯಿರಿ. ಕೋರ್ಟು ತೀರ್ಮಾನಿಸುವವರೆಗೆ ‘ಆರೋಪಿ’. ಗ್ಯಾಂಗಿಗೆ ಜಾತಿಯ ಹೆಸರು ಅಂಟಿಸುವುದಂತೂ ಸಲ್ಲದು. ಬ್ರಿಟಿಷರು 1871ರಲ್ಲಿ ಇಡೀ ಸಮುದಾಯಗಳನ್ನೇ ಹುಟ್ಟು ಅಪರಾಧಿಗಳೆಂದು ಪಟ್ಟಿ ಮಾಡುವ ಕಾಯ್ದೆ ತಂದರು; ಆ ಕಾನೂನು 1952ರಲ್ಲಿ ಹೋಯಿತು, ಸುದ್ದಿಮನೆಯ ಬಾಯಿಂದ ಇನ್ನೂ ಹೋಗಿಲ್ಲ.

ಇಷ್ಟಾದರೂ ಗಲಾಟೆ ಎದ್ದರೆ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ವಾದಕ್ಕಿಳಿಯಬೇಡಿ. ಮೂಲ ಫೋಟೊ, ಪ್ರೆಸ್‌ಗೆ ಕಳಿಸಿದ ಫೈಲು, ಅಚ್ಚಾದ ಪ್ರತಿ ಮೂರನ್ನೂ ಎತ್ತಿಡಿ. ಬಂದವರನ್ನು ಕೂರಿಸಿ, ತಕರಾರನ್ನು ಬರಹದಲ್ಲಿ ಪಡೆಯಿರಿ. ತಪ್ಪಿದ್ದರೆ ತಿದ್ದುಪಡಿ ಮುಂದಿನ ಸಂಚಿಕೆಯ ಮುಖಪುಟದಲ್ಲೇ ಬರಲಿ; ಒಳಪುಟದ ಮೂಲೆಯಲ್ಲಿ ಹಾಕಿದರೆ ಸಿಟ್ಟು ಇಮ್ಮಡಿಯಾಗುತ್ತದೆ. ಪತ್ರಿಕೆಗಳ ಮೇಲಿನ ದೂರು ವಿಚಾರಿಸುವ ಪ್ರೆಸ್ ಕೌನ್ಸಿಲ್‌ಗೆ ದೂರು ಕೊಡುವವರು ಮೊದಲು ಸಂಪಾದಕರಿಗೇ ಪತ್ರ ಬರೆಯಬೇಕು, ವಾರಪತ್ರಿಕೆಯಾದರೆ ಪ್ರಕಟವಾದ ಎರಡು ತಿಂಗಳೊಳಗೆ ದೂರು ಸಲ್ಲಿಸಬೇಕು. ಹಾಗಾಗಿ ಬಂದ ಪತ್ರಕ್ಕೆ ದಿನಾಂಕ, ಸಹಿ ಹಾಕಿ ಫೈಲ್ ಮಾಡಿ, ಉತ್ತರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ.