ಮುರಿದ ಎರಡು ಈಟಿ, ಉಳಿದ ಒಂದು

ನನ್ನ ಮೊದಲ ಈಟಿ ಬಾಳಿದ್ದು ಬರೀ ಒಂದೂವರೆ ತಿಂಗಳು.

ನಮ್ಮ ಗುಂಪು 11ನೇ ಶತಮಾನದ ಯುರೋಪಿನ ಕಾಳಗಗಳನ್ನು ಆಡಿ ತೋರಿಸುತ್ತದೆ. ಮರದ ಗುರಾಣಿ, ಕಬ್ಬಿಣದ ಬಳೆಗಳ ಕವಚ, ಮೊಂಡು ಮಾಡಿದ ಉಕ್ಕಿನ ಆಯುಧ. ಹೊಸಬರ ಕೈಗೆ ಮೊದಲು ಬರುವುದು ಈಟಿಯೇ. ಕತ್ತಿಗಿಂತ ಖರ್ಚು ಕಮ್ಮಿ, ಎರಡನೇ ಸಾಲಿನಲ್ಲಿ ನಿಂತೇ ಆಡಬಹುದು. ಆ ಕಾಲದಲ್ಲೂ ಹಾಗೇ ಇತ್ತು. ಕತ್ತಿ ಹಣವಂತರ ಸೊಂಟದಲ್ಲಿತ್ತು, ಈಟಿ ಸಾಮಾನ್ಯ ಕಾಲಾಳಿನ ಕೈಯಲ್ಲೂ ಇತ್ತು.

ಕಬ್ಬಿಣದ ಅಲಗನ್ನು ಗುಂಪಿನವರೇ ಕೊಟ್ಟರು. ಕೋಲು ನನ್ನ ಜವಾಬ್ದಾರಿ. ಕೋಲು ತಾನೇ ಅಂದುಕೊಂಡು ಪೈನ್ ಮರದ ಉರುಟು ಸರಳೊಂದನ್ನು ತಂದೆ. ನುಣ್ಣಗಿತ್ತು, ಹಗುರವಾಗಿತ್ತು, ನೋಡೋಕೂ ಚೆನ್ನಾಗಿತ್ತು. ಒಂದು ದಿನ ಅಭ್ಯಾಸದಲ್ಲಿ ಎದುರಿನ ಗೆಳೆಯನ ಗುರಾಣಿಗೆ ತಿವಿದೆ. ಅದೇ ಹೊತ್ತಿಗೆ ಪಕ್ಕದವನ ಕೊಡಲಿ ಕೋಲಿನ ನಡುವಿಗೆ ಬಿತ್ತು. ಲಟಕ್ ಅಂತ ಮುರಿಯಿತು. ಅಲಗಿನ ತುಂಡು ಎಲ್ಲೋ ಹಾರಿತು. ನಾನು ಮಾತ್ರ ತಿವಿದ ರಭಸಕ್ಕೆ ಇನ್ನೂ ಮುಂದಕ್ಕೇ ಹೋಗುತ್ತಿದ್ದೆ. ಕೈಯಲ್ಲಿ ಉಳಿದ ತುಂಡು ಒಂದು ಗೇಣು ಉದ್ದಕ್ಕೆ ಓರೆಯಾಗಿ ಸೀಳಿ ಚೂಪಾಗಿ ನಿಂತಿತ್ತು. ಮೊಂಡು ಈಟಿ ಹಿಡಿದು ಹೊರಟವನ ಕೈಗೆ ಈಗ ನಿಜವಾದ ಈಟಿ ಬಂದಿತ್ತು. ಗೆಳೆಯ ಪಕ್ಕಕ್ಕೆ ಸರಿದ, ನಾನು ನೆಲಕ್ಕೆ ಬಿದ್ದೆ. ಯಾರಿಗೂ ಏನೂ ಆಗಲಿಲ್ಲ. ಆದರೆ ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ಗುಂಪಿನ ಹಿರಿಯರೊಬ್ಬರು ಮುರಿದ ತುಂಡನ್ನು ತಿರುಗಿಸಿ ನೋಡಿ, "ಎಲ್ಲಾ ಈಟಿನೂ ಒಂದಲ್ಲ ಒಂದು ದಿನ ಮುರಿಯುತ್ತೆ ಕಣಪ್ಪಾ. ಹೇಗೆ ಮುರಿಯುತ್ತೆ ಅಂತ ನೋಡಿ ಮರ ತಗೋ" ಅಂದರು. ಅಲ್ಲಿಯವರೆಗೆ ನಾನು ಯೋಚಿಸಿದ್ದೆಲ್ಲ ಎಷ್ಟು ಗಟ್ಟಿ ಅನ್ನುವುದನ್ನು ಮಾತ್ರ.

ಹಾಗೆ ನೋಡಿದರೆ ಬೆತ್ತದಷ್ಟು ಒಳ್ಳೆಯದು ಬೇರೆ ಇಲ್ಲ. ಅದು ಮರವೇ ಅಲ್ಲ, ತಾಳೆ ಜಾತಿಯ ಬಳ್ಳಿ. ಒಳಗೆ ಬೆಳವಣಿಗೆಯ ಉಂಗುರಗಳಿಲ್ಲ, ಉದ್ದಕ್ಕೂ ನಾರು ತುಂಬಿರುತ್ತದೆ. ಏಟು ತಿಂದೂ ತಿಂದೂ ಕೊನೆಗೆ ಪೊರಕೆಯ ಹಾಗೆ ಕೆದರುತ್ತದೆ, ಚೂಪಾಗಿ ಸೀಳುವುದಿಲ್ಲ. 1966ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ, ಮಧ್ಯಯುಗದ ಬದುಕನ್ನು ಆಡಿ ತೋರಿಸುವ ಎಸ್‌ಸಿಎ (ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ) ಕೂಟದವರು ಕತ್ತಿಯನ್ನೂ ಬೆತ್ತದಲ್ಲೇ ಮಾಡಿಕೊಂಡು ಪೂರ್ತಿ ಬಲ ಹಾಕಿ ಹೊಡೆದಾಡುವುದು ಅದಕ್ಕೇ. ನಾನೂ ಒಂದು ಕೋಲು ತಂದು ನೋಡಿದೆ. ನನಗೆ ಒಗ್ಗಲಿಲ್ಲ. ಎರಡು ಮೀಟರ್ ದಾಟಿದರೆ ಬೆತ್ತ ತೂಗಾಡುತ್ತದೆ. ನಾನು ಎದೆಗೆ ಗುರಿ ಇಟ್ಟರೆ ತುದಿ ಕುಣಿದು ಗಂಟಲ ಹತ್ತಿರ ಹೋಗುತ್ತಿತ್ತು. ರಬ್ಬರ್ ತುದಿ ಇದ್ದು, ಎದುರಿನವರು ಮುಖ ಮುಚ್ಚುವ ಶಿರಸ್ತ್ರಾಣ ಹಾಕಿದ್ದರೆ ನಡೆದೀತು. ನಮ್ಮಲ್ಲಿ ತುದಿಗೆ ಕಬ್ಬಿಣ, ಮುಖ ಬಯಲು. ಹತೋಟಿ ತಪ್ಪುವ ಕೋಲು ಬೇಡವೇ ಬೇಡ.

ಬಿದಿರಿನ ಬಗ್ಗೆ ಹೊಸಬರು ಈಗಲೂ ಕೇಳುತ್ತಾರೆ. ಬೇಡ. ಬಿದಿರು ಸೀಳಿದರೆ ಅದರ ಅಂಚು ಚಾಕುವಿನ ಹಾಗಿರುತ್ತದೆ. ಫೈಬರ್‌ಗ್ಲಾಸ್ ಕೋಲು ಸವೆದರೆ ಕಣ್ಣಿಗೆ ಕಾಣದ ಸಿಬಿರು ಅಂಗೈ ತುಂಬಾ ಚುಚ್ಚಿಕೊಳ್ಳುತ್ತದೆ. ಮೇಲಾಗಿ ಪ್ರೇಕ್ಷಕರ ಎದುರು ಅದು ಪ್ಲಾಸ್ಟಿಕ್ ಥರಾನೇ ಕಾಣುತ್ತೆ.

ಕೊನೆಗೆ ಬಂದು ನಿಂತಿದ್ದು ಹಳೆಯವರು ಯಾವಾಗಲೋ ಕಂಡುಕೊಂಡಿದ್ದ, ಯುರೋಪಿನ ಕಡೆ ಬೆಳೆಯುವ ಆಶ್ ಅನ್ನೋ ಮರಕ್ಕೆ. ಹಳೆಯ ಇಂಗ್ಲಿಷಿನಲ್ಲಿ 'ಆಶ್' ಅಂದರೆ ಮರವೂ ಹೌದು, ಈಟಿಯೂ ಹೌದು. ಡೆನ್ಮಾರ್ಕಿನ ನೀಡಾಮ್ ಜೌಗಿನಲ್ಲಿ ಸಿಕ್ಕ ಪುರಾತನ ಈಟಿಗಳ ಕೋಲು ಬಹುತೇಕ ಇದೇ ಮರದ್ದು. ಇಂಗ್ಲೆಂಡಿನ ಆಂಗ್ಲೋ-ಸ್ಯಾಕ್ಸನ್ ಸಮಾಧಿಗಳ ಈಟಿಗಳಲ್ಲಿ ಕೋಲು ಕೊಳೆತುಹೋಗಿದ್ದರೂ ಅಲಗಿನ ಬುಡದಲ್ಲಿ ಕೋಲು ಕೂರುವ ಕೊಳವೆಯೊಳಗೆ ತುಕ್ಕು ಹಿಡಿದಿಟ್ಟ ಚೂರು ಮರ ಉಳಿದಿರುತ್ತದೆ. ಅದರಲ್ಲೂ ಆಶ್ ಸಿಕ್ಕಿದೆ, ಹೇಜಲ್ ಅನ್ನೋ ಇನ್ನೊಂದು ಮರವೂ ಸಿಕ್ಕಿದೆ. ತುಕ್ಕಿಗೂ ಒಂದು ಉಪಯೋಗ ಇದೆ ಅಂತ ನನಗೆ ಖುಷಿಯಾಗಿದ್ದು ಅದೊಂದೇ ಸಲ. ಆಶ್ ಪೆಟ್ಟನ್ನು ನುಂಗುತ್ತದೆ, ಬಾಗಿ ಮತ್ತೆ ನೇರವಾಗುತ್ತದೆ. ಒಳ್ಳೆಯ ಕೋಲು ಮುರಿಯುವ ಮೊದಲು ಸಾಮಾನ್ಯವಾಗಿ ಚಿಟಿಚಿಟಿ ಸದ್ದು ಮಾಡಿ, ಮೇಲೆ ಸೀಳು ತೋರಿಸುತ್ತದೆ. ಆಟ ನಿಲ್ಲಿಸೋಕೆ ಅಷ್ಟು ಸುಳಿವು ಸಾಕು.

ಆದರೆ ಆಶ್ ಅಂದಕೂಡಲೇ ಎಲ್ಲಾ ಕೋಲೂ ಒಂದೇ ಅಲ್ಲ. ನಾನು ಮೊದಲು ನೋಡುವುದು ಎಳೆ, ಅಂದರೆ ಮರದ ನಾರು ಓಡುವ ದಿಕ್ಕು. ಮರದ ಎಳೆ ಕೋಲಿನ ಈ ತುದಿಯಿಂದ ಆ ತುದಿಗೆ ನೇರ ಓಡಬೇಕು. 30 ಸೆಂ.ಮೀ. ಉದ್ದದಲ್ಲಿ ಎಳೆ 2 ಸೆಂ.ಮೀ.ಗಿಂತ ಜಾಸ್ತಿ ಓರೆಯಾದರೆ ಆ ಕೋಲನ್ನು ಅಲ್ಲೇ ಬಿಟ್ಟು ಬರುತ್ತೇನೆ. ನನ್ನ ಪೈನ್ ಕೋಲು ಓರೆಯಾಗಿ ಸೀಳಿದ್ದು ಅದರ ಎಳೆಯ ಗುಂಟವೇ. ಕಣ್ಣಿಗೆ ಸರಿಯಾಗಿ ಕಾಣದಿದ್ದರೆ ಒಂದು ಹನಿ ಶಾಯಿ ಬಿಡಿ. ಅದು ಎಳೆ ಹಿಡಿದೇ ಹರಡುತ್ತದೆ. ಆಮೇಲೆ ಗಂಟು. ಸಣ್ಣದಿದ್ದರೂ ಬೇಡ.

ಉಂಗುರದ ವಿಷಯದಲ್ಲಿ ನಾನು ತಲೆಕೆಳಗಾಗಿ ತಿಳಿದಿದ್ದೆ. ನಿಧಾನವಾಗಿ ಬೆಳೆದ, ಒತ್ತೊತ್ತಾದ ಉಂಗುರದ ಮರವೇ ಗಟ್ಟಿ ಅಂತ. ಪೈನಿನಂಥ ಮರಕ್ಕೆ ಅದು ಸರಿ. ಆಶ್‌ನಲ್ಲಿ ಉಲ್ಟಾ. ಈ ಮರ ಪ್ರತಿ ವರ್ಷ ವಸಂತದಲ್ಲಿ ದೊಡ್ಡ ರಂಧ್ರಗಳ ಒಂದು ಪದರ ಕಟ್ಟುತ್ತದೆ, ಬೇಸಿಗೆ ಬಂದ ಮೇಲೆ ದಟ್ಟವಾದ ಪದರ. ಬೆಳವಣಿಗೆ ಕುಂಠಿತವಾದ ವರ್ಷ ರಂಧ್ರದ ಪದರ ಹಾಗೇ ಇರುತ್ತದೆ, ದಟ್ಟವಾದದ್ದು ತೆಳುವಾಗುತ್ತದೆ. ಅಂಥ ಉಂಗುರಗಳೇ ತುಂಬಿದ್ದರೆ ಮರ ಜಾಳುಜಾಳು. ನಾನು 2ರಿಂದ 4 ಮಿ.ಮೀ. ಅಗಲದ ಉಂಗುರ ಇರುವ ಕೋಲು ಹುಡುಕುತ್ತೇನೆ.

ದಪ್ಪದ ಬಗ್ಗೆ ಕೂತು ಲೆಕ್ಕ ಹಾಕಿದೆ. 2.4 ಮೀಟರ್ ಉದ್ದದ ಕೋಲು 28 ಮಿ.ಮೀ. ದಪ್ಪ ಇದ್ದರೆ ಸುಮಾರು 1 ಕಿಲೋ ತೂಗುತ್ತದೆ, 32 ಮಿ.ಮೀ. ಇದ್ದರೆ 1.3 ಕಿಲೋ ಹತ್ತಿರ. ತೂಕ ಮೂರರಲ್ಲಿ ಒಂದು ಪಾಲಿನಷ್ಟು ಜಾಸ್ತಿ ಆಯಿತು. ಆದರೆ ಬಿಗಿತ 70 ಶೇಕಡಾ ಜಾಸ್ತಿ! ದಪ್ಪ ಸ್ವಲ್ಪ ಏರಿದರೂ ಬಿಗಿತ ಅದರ ನಾಲ್ಕನೇ ಘಾತದಲ್ಲಿ ಏರುತ್ತದೆ. ಬಿಗಿ ಇದ್ದಷ್ಟೂ ತುದಿ ನಾನು ಹೇಳಿದ ಕಡೆ ನಿಲ್ಲುತ್ತದೆ. 32 ತಗೊಂಡೆ. ಸಂಜೆ ಹೊತ್ತಿಗೆ ತೋಳು ನೋಯುತ್ತದೆ, ಅದು ಬೇರೆ ಮಾತು.

ಇಷ್ಟೆಲ್ಲ ನೋಡಿ ತಂದ ಎರಡನೇ ಕೋಲೂ ಮುರಿಯಿತು. ತಪ್ಪು ಮರದ್ದಲ್ಲ, ನನ್ನದು. ಅಲಗಿನ ಕೊಳವೆಗೆ ಕೂರಿಸಲು ಕೋಲಿನ ತುದಿಯನ್ನು ಸಣ್ಣ ಮಾಡಬೇಕಲ್ಲ, ನಾನು ಗರಗಸದಲ್ಲಿ ಸುತ್ತ ಗೀರಿ ಮೆಟ್ಟಿಲ ಹಾಗೆ ಕತ್ತರಿಸಿದ್ದೆ. ನೋಡೋಕೆ ಬಹಳ ಅಚ್ಚುಕಟ್ಟು. ಏಟಿನ ಒತ್ತಡವೆಲ್ಲ ಆ ಮೂಲೆಗೇ ಬಂದು, ಸರಿಯಾಗಿ ಅಲ್ಲೇ ಮುರಿಯಿತು. ಮೂರನೇ ಸಲ ಹತ್ತರಿ ಹಿಡಿದು ಪೆನ್ಸಿಲ್ ಚೂಪು ಮಾಡುವ ಹಾಗೆ ನಿಧಾನವಾಗಿ ಇಳಿಸಿದೆ. ಕೊಳವೆಯ ಒಳಗೆ ಮಸಿ ಬಳಿದು, ಕೋಲು ತೂರಿಸಿ ತೆಗೆದು, ಮಸಿ ಹತ್ತಿದ ಕಡೆ ಮಾತ್ರ ಕೆರೆಯುವುದು. ಮಧ್ಯಾಹ್ನ ಪೂರ್ತಿ ಅದರಲ್ಲೇ ಹೋಯಿತು. ಕೊನೆಗೆ ಅಡ್ಡಲಾಗಿ 4 ಮಿ.ಮೀ. ತೂತು, ಒಂದು ರಿವೆಟ್. ಅದರ ತಲೆಯನ್ನು ಎರಡೂ ಕಡೆ ಅರದಿಂದ ಉಜ್ಜಿ ಸಮ ಮಾಡಿದೆ.

ಕೋಲಿಗೆ ವಾರ್ನಿಷ್ ಹಚ್ಚಬೇಡಿ. ಬೆವರಿದ ಕೈ ಅದಕ್ಕೆ ಅಂಟುತ್ತದೆ, ಈಟಿ ಮುಂದಿನ ಕೈಯಲ್ಲಿ ಜಾರುತ್ತಾ ಹೋಗಬೇಕು. ಉಪ್ಪುಕಾಗದದಲ್ಲಿ ಉಜ್ಜಿ ಅಗಸೆ ಎಣ್ಣೆ ಹಚ್ಚಿದರೆ ಸಾಕು. ಹಚ್ಚಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯಾದ ಬಟ್ಟೆ ತಾನಾಗೇ ಹೊತ್ತಿಕೊಳ್ಳಬಹುದು. ನಾನು ಹೊರಗೆ ಅಗಲವಾಗಿ ಹರಡಿ ಒಣಗಿಸುತ್ತೇನೆ.

ಅಲಗಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಂಚು 2 ಮಿ.ಮೀ.ಗಿಂತ ದಪ್ಪ, ಮೊನೆ ನಾಣ್ಯದ ಅಂಚಿನ ಹಾಗೆ ದುಂಡಗೆ. ಸಾದಾ ಮೆದು ಉಕ್ಕಾದರೂ ಪರವಾಗಿಲ್ಲ, ಜೋರು ಏಟಿಗೆ ಬಾಗುತ್ತದೆ, ಚೂರಾಗಿ ಹಾರುವುದಿಲ್ಲ. ಇನ್ನೊಂದು ಕಬ್ಬಿಣಕ್ಕೆ ತಾಗಿ ಅಂಚಿನಲ್ಲಿ ಏಳುವ ಮುಳ್ಳುಗಳನ್ನು ಪ್ರತಿ ಆಟದ ನಂತರ ಅರದಿಂದ ತೆಗೆಯಬೇಕು, ಅಷ್ಟೇ.

ಮೂರನೇ ಈಟಿಗೆ ಈಗ ನಾಲ್ಕು ವರ್ಷ. ಗೋಡೆಗೆ ಒರಗಿಸಿಟ್ಟರೆ ಡೊಂಕಾಗುತ್ತದೆ ಅಂತ ಎರಡು ಗೂಟದ ಮೇಲೆ ಮಲಗಿಸಿಡುತ್ತೇನೆ. ಕಣಕ್ಕೆ ಇಳಿಯುವ ಮುಂಚೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಅಲಗು ಕಟಕಟ ಅನ್ನುತ್ತಾ ಅಂತ ಕೇಳುತ್ತೇನೆ. ಆಮೇಲೆ ಕಣ್ಣು ಮುಚ್ಚಿ ಉದ್ದಕ್ಕೂ ಬೆರಳು ಆಡಿಸುತ್ತೇನೆ. ಹೋದ ತಿಂಗಳು ನಡುಭಾಗದಲ್ಲಿ, ಕೊಡಲಿ ಏಟು ಬಿದ್ದ ಕಡೆ, ಕೂದಲೆಳೆಯಷ್ಟು ಸೀಳು ಬೆರಳಿಗೆ ತಾಗಿತು. ರಿವೆಟ್ ಕಿತ್ತು ಅಲಗು ತೆಗೆದಿಟ್ಟಿದ್ದೇನೆ. ಸೀಳಿಲ್ಲದ ಅರ್ಧದಲ್ಲಿ ಕೊಡಲಿಗೊಂದು ಹಿಡಿ ಆಗುತ್ತದೆ. ಈ ವಾರ ನಾಲ್ಕನೇ ಕೋಲು ಹುಡುಕೋಕೆ ಹೊರಡಬೇಕು, ಜೇಬಲ್ಲಿ ಶಾಯಿ ಬಾಟಲಿ ಇಟ್ಟುಕೊಂಡು.