ನಿಕಾನ್ ಡಿ3300 ಬಿಟ್ಟು ಡಿ7200 ಹಿಡಿಯುವವರಿಗೆ

ಕ್ಯಾಮೆರಾ ಬದಲಿಸೋಣ ಅನ್ನಿಸಿದರೆ ಮೊದಲು ನಿಮ್ಮ ಕೆಟ್ಟ ಫೋಟೊಗಳನ್ನೆಲ್ಲ ಒಂದು ಫೋಲ್ಡರಿಗೆ ಹಾಕಿ. ಈಗಾಗಲೇ ಡಿಲೀಟ್ ಮಾಡಿಬಿಟ್ಟಿದ್ದರೆ ಮುಂದಿನ ಎರಡು ಮೂರು ತಿಂಗಳು ಏನನ್ನೂ ಅಳಿಸಬೇಡಿ. ಆಮೇಲೆ ಒಂದು ಭಾನುವಾರ ಕೂತು, ಒಂದೊಂದೂ ಯಾಕೆ ಕೆಟ್ಟಿತು ಅಂತ ನೋಡಿ. ಹೊಸ ಬಾಡಿ, ಅಂದರೆ ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ, ಬೇಕೋ ಬೇಡವೋ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ನಾನು ಕುಂದಾಪುರದ ಕಡೆಯವಳು. ಹಗಲು ಸೊಸೈಟಿಯಲ್ಲಿ ಲೆಕ್ಕ ಬರೆಯುವುದು, ರಾತ್ರಿ ಯಕ್ಷಗಾನದ ಫೋಟೊ ತೆಗೆಯುವುದು. ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟರೆ ಮಳೆಗಾಲ ಹತ್ತಿರ ಬರುವ ತನಕ ನನ್ನ ಬ್ಯಾಗು ಬಿಚ್ಚುವುದೇ ಇಲ್ಲ. ಮೊದಲು ಇದ್ದದ್ದು ನಿಕಾನ್ ಡಿ3300, ಜೊತೆಗೆ ಬಂದ 18-55 ಎಂಎಂ ಕಿಟ್ ಲೆನ್ಸ್. ಈಗ ಕೈಯಲ್ಲಿರುವುದು ಸೆಕೆಂಡ್‌ಹ್ಯಾಂಡ್ ಡಿ7200. ಈ ಮಾಡೆಲ್ ಬಂದದ್ದು 2015ರಲ್ಲಿ, ಈಗ ಹೊಸದಾಗಿ ತಯಾರಾಗುವುದಿಲ್ಲ. ಬಹಳ ಜನ ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಹೋಗುತ್ತಿರುವುದರಿಂದ ಒಳ್ಳೆಯ ಸ್ಥಿತಿಯ ಬಾಡಿಗಳು ಮಾರಾಟಕ್ಕೆ ಬರುತ್ತಲೇ ಇವೆ. ನಮ್ಮಂಥವರಿಗೆ ಅದೇ ಲಾಭ.

ನನ್ನ ಫೋಲ್ಡರಿನಲ್ಲಿ ಮೂರು ಜಾತಿಯ ಕೆಟ್ಟ ಫೋಟೊಗಳಿದ್ದವು. ವೇಷ ಕುಣಿಯುವಾಗ ಅಲುಗಿ ಮಸುಕಾದವು. ವೇಷದ ಮುಖ ಬಿಟ್ಟು ಹಿಂದೆ ಕೂತ ಭಾಗವತರ ಮುಂಡಾಸಿಗೆ ಫೋಕಸ್ ಆದವು. ಮತ್ತೆ, ನಾನು ಬಟನ್ ಹುಡುಕುವಷ್ಟರಲ್ಲಿ ಭಂಗಿ ಮುಗಿದು ಬರೀ ಬೆನ್ನು ಸಿಕ್ಕಿದವು.

ಮೊದಲನೆಯ ಜಾತಿಗೆ ಬಾಡಿ ಬದಲಿಸಿ ಏನೂ ಪ್ರಯೋಜನವಿಲ್ಲ, ಅದಕ್ಕೆ ಮದ್ದು ಲೆನ್ಸ್. ಬೆಳಕು ಹೆಚ್ಚು ಒಳಗೆ ಬಂದಷ್ಟೂ ಶಟರ್ ಬೇಗ ಮುಚ್ಚಬಹುದು, ಅಲುಗಾಟ ಕಾಣುವುದಿಲ್ಲ. 18-55 ಲೆನ್ಸನ್ನು 55ರ ತುದಿಗೆ ಎಳೆದರೆ ಅಪರ್ಚರ್, ಅಂದರೆ ಬೆಳಕು ಒಳಗೆ ಬಿಡುವ ಕಂಡಿ, ಎಫ್ 5.6ಕ್ಕಿಂತ ತೆರೆಯುವುದಿಲ್ಲ. ಎಫ್ 2.8ರ ಲೆನ್ಸ್ ಅದರ ನಾಲ್ಕು ಪಟ್ಟು ಬೆಳಕು ಒಳಗೆ ಬಿಡುತ್ತದೆ, ಎಫ್ 1.8 ಆದರೆ ಹೆಚ್ಚುಕಡಿಮೆ ಹತ್ತು ಪಟ್ಟು. ಡಿ3300 ಮತ್ತು ಡಿ7200 ಎರಡರದ್ದೂ 24 ಮೆಗಾಪಿಕ್ಸೆಲ್ ಸೆನ್ಸರ್, ಎರಡಕ್ಕೂ ಚಿತ್ರವನ್ನು ಕೊಂಚ ಮೆತ್ತಗೆ ಮಾಡುವ ಲೋ-ಪಾಸ್ ಫಿಲ್ಟರ್ ಇಲ್ಲ. ಒಂದೇ ಲೆನ್ಸ್, ಒಂದೇ ಐಎಸ್‌ಓ (ಬೆಳಕಿಗೆ ಸೆನ್ಸರಿನ ಸಂವೇದನೆ) ಇಟ್ಟು ತೆಗೆದ ರಾ ಫೈಲುಗಳನ್ನು, ಅಂದರೆ ಕ್ಯಾಮೆರಾ ತಿದ್ದದ ಮೂಲ ಫೈಲುಗಳನ್ನು, ಪಕ್ಕಪಕ್ಕ ಇಟ್ಟರೆ ಯಾವುದು ಯಾವ ಕ್ಯಾಮೆರಾದ್ದು ಅಂತ ನನಗಂತೂ ಹೇಳಲಾಗುವುದಿಲ್ಲ. ನಮ್ಮ ಚಿಕ್ಕಮ್ಮನ ಮಗಳು ಮಗುವಿನ ಫೋಟೊ ಚೆನ್ನಾಗಿ ಬರಲಿ ಅಂತ ಡಿ7200 ತಗೊಂಡು, ಅದಕ್ಕೆ ಹಳೆಯ ಕಿಟ್ ಲೆನ್ಸನ್ನೇ ಹಾಕಿದಳು. “ಅಕ್ಕಾ, ಮೊದಲಿನ ಹಾಗೇ ಬರ್ತಿದೆಯಲ್ಲಾ” ಅಂದಳು. ಹಾಗೇ ಬರಬೇಕು, ಬೇರೆ ಹೇಗೆ ಬಂದೀತು? ಆಮೇಲೆ 35 ಎಂಎಂ ಎಫ್ 1.8 ತರಿಸಿಕೊಂಡಳು, ಸಮಸ್ಯೆ ಮುಗಿಯಿತು. ಆ ಲೆನ್ಸ್ ಡಿ3300ರಲ್ಲೂ ಚೆನ್ನಾಗಿ ಓಡುತ್ತದೆ. ಮನೆಯೊಳಗೆ ಮಕ್ಕಳ ಫೋಟೊ ತೆಗೆಯುವವರು ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಿ ಲೆನ್ಸ್ ತಗೊಳ್ಳಬಹುದು.

ಎರಡನೆಯ, ಮೂರನೆಯ ಜಾತಿಗೆ ಮಾತ್ರ ಬಾಡಿ ಬದಲಿಸುವುದರಲ್ಲಿ ಅರ್ಥವಿದೆ. ಡಿ3300ರಲ್ಲಿ 11 ಫೋಕಸ್ ಪಾಯಿಂಟ್, ಡಿ7200ರಲ್ಲಿ 51. ಈ ಸಂಖ್ಯೆಗಿಂತ ಮುಖ್ಯವಾದದ್ದು ನಡುವೆ ಇರುವ 15 ಕ್ರಾಸ್ ಪಾಯಿಂಟ್‌ಗಳು (ಅಡ್ಡ, ಉದ್ದ ಎರಡೂ ಗೆರೆಗಳನ್ನು ಗುರುತಿಸುವಂಥವು), ಮತ್ತೆ ಬೆಳಕಿನ ಅಳತೆಯಲ್ಲಿ ಮೈನಸ್ 3 ಇವಿಯಷ್ಟು ಮಂದ ಬೆಳಕಿನಲ್ಲೂ ಅದು ಫೋಕಸ್ ಹಿಡಿಯುತ್ತದೆ ಅನ್ನುವುದು. ರಾತ್ರಿಯ ಯಕ್ಷಗಾನದ ಆಟದಲ್ಲಿ ದುಡ್ಡು ಕೊಟ್ಟದ್ದಕ್ಕೂ ಸಾರ್ಥಕ ಅನ್ನಿಸಿದ್ದು ಇದೇ. ವ್ಯೂಫೈಂಡರ್ ಇನ್ನೊಂದು. ಡಿ3300ರದ್ದು ಕನ್ನಡಿಗಳಿಂದ ಮಾಡಿದ್ದು, ಫೋಟೊದಲ್ಲಿ ಬರುವುದರ 95 ಶೇಕಡಾ ಮಾತ್ರ ಕಾಣಿಸುತ್ತದೆ. ಡಿ7200ರಲ್ಲಿ ಗಾಜಿನ ಪ್ರಿಸಮ್ ಇದೆ, ಪೂರ್ತಿ ಕಾಣಿಸುತ್ತದೆ, ದೊಡ್ಡದಾಗಿಯೂ ಕಾಣಿಸುತ್ತದೆ. ಬಾಗಿಲ ಸಂದಿಯಿಂದ ಇಣುಕುತ್ತಿದ್ದವಳು ಜಗಲಿಗೆ ಬಂದು ನಿಂತ ಹಾಗಾಯಿತು. ಎರಡು ಡಯಲ್‌ಗಳಿವೆ: ಹಿಂದಿನದರಲ್ಲಿ ಶಟರ್, ಮುಂದಿನದರಲ್ಲಿ ಅಪರ್ಚರ್. ಡಿ3300ರಲ್ಲಿ ಮ್ಯಾನುಯಲ್ ಮೋಡ್‌ನಲ್ಲಿ ಅಪರ್ಚರ್ ಬದಲಿಸಲು ಒಂದು ಬಟನ್ ಒತ್ತಿ ಹಿಡಿದು ಇದ್ದ ಒಂದೇ ಡಯಲ್ ತಿರುಗಿಸಬೇಕಿತ್ತು. ಭಂಗಿ ತಪ್ಪುತ್ತಿದ್ದದ್ದು ಅಲ್ಲೇ.

ಇನ್ನೊಂದು ವಿಷಯ ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಡಿ7200ರ ಒಳಗೆ ಫೋಕಸ್ ಮೋಟಾರ್ ಇದೆ, ಡಿ3300, ಡಿ5300 ಸರಣಿಗಳಲ್ಲಿ ಇಲ್ಲ. ಲೆನ್ಸಿನ ಹೆಸರಿನಲ್ಲಿ ಎಎಫ್-ಎಸ್ ಇಲ್ಲದೆ ಬರೀ ಎಎಫ್ ಇದ್ದು, ಕೊನೆಗೆ ಡಿ ಅಂತಿರುವ ಹಳೆಯ ನಿಕಾನ್ ಲೆನ್ಸ್‌ಗಳಿಗೆ ಸ್ವಂತ ಮೋಟಾರ್ ಇರುವುದಿಲ್ಲ, ಬಾಡಿಯ ಮೋಟಾರೇ ತಿರುಗಿಸಬೇಕು. ಡಿ3300ರಲ್ಲಿ ಅವನ್ನು ಕೈಯಲ್ಲೇ ಫೋಕಸ್ ಮಾಡಬೇಕು. ಡಿ7200 ತಗೊಂಡ ಮೇಲೆ 50 ಎಂಎಂ ಎಫ್ 1.8ಡಿ, 85 ಎಂಎಂ ಎಫ್ 1.8ಡಿ, 80-200 ಎಫ್ 2.8ಡಿ ಎಲ್ಲವೂ ನಿಮ್ಮ ಲೆಕ್ಕಕ್ಕೆ ಬಂದವು. ನಾನು ಹಿಡಿದದ್ದು ಈ 80-200. ಇತ್ತೀಚಿನ 70-200ಕ್ಕೆ ಕೊಡಬೇಕಾದದ್ದರ ಸಣ್ಣ ಪಾಲಿನಲ್ಲಿ ಸಿಕ್ಕಿತು. ಫೋಕಸ್ ಮಾಡುವಾಗ ಕಿರ್ರ್ ಅನ್ನುತ್ತದೆ, ಚಂಡೆಯ ಮುಂದೆ ಅದು ಯಾರಿಗೂ ಕೇಳಿಸುವುದಿಲ್ಲ ಬಿಡಿ. ಮದುವೆ ಧಾರೆಯ ಹೊತ್ತಿಗೆ ಮಾತ್ರ ಸ್ವಲ್ಪ ಮುಜುಗರ. ಕೆನಾನ್ ಇಟ್ಟುಕೊಂಡವರಿಗೆ ಈ ತಲೆನೋವೇ ಇಲ್ಲ, ಅವರ ಇಎಫ್ ಆಟೋಫೋಕಸ್ ಲೆನ್ಸ್‌ಗಳ ಮೋಟಾರ್ ಲೆನ್ಸಿನೊಳಗೇ ಇರುತ್ತದೆ.

ಅಗ್ಗ ಅಂತ ಇನ್ನೂ ಹಿಂದಿನ ಡಿ7000ಕ್ಕೆ ಹೋಗುವವರು ಒಂದು ನೋಡಿಕೊಳ್ಳಿ. ಡಿ3400, ಡಿ5600ರ ಜೊತೆ ಬಂದ ಕಿಟ್ ಲೆನ್ಸ್ ನಿಮ್ಮ ಹತ್ತಿರ ಇದ್ದರೆ ಅದರ ಮೇಲೆ ಎಎಫ್-ಪಿ ಅಂತ ಬರೆದಿರುತ್ತದೆ. ಅದು ಡಿ7000ರಲ್ಲಿ ಫೋಕಸ್ ಆಗುವುದಿಲ್ಲ, ಡಿ7200ರಲ್ಲಿ ಆಗುತ್ತದೆ. 2017ರ ಡಿ7500 ಹೊಸದು, ಸೆಕೆಂಡಿಗೆ 8 ಫೋಟೊ, ಮಡಚುವ ಟಚ್ ಸ್ಕ್ರೀನ್. ಆದರೆ ಕಾರ್ಡ್ ಸ್ಲಾಟ್ ಒಂದೇ. ನಮ್ಮೂರಿನಲ್ಲಿ ಸ್ಟುಡಿಯೋ ಇಟ್ಟಿರುವ ಗೆಳೆಯರು ಆ ಒಂದೇ ಕಾರಣಕ್ಕೆ ಡಿ7200ರಲ್ಲೇ ಉಳಿದಿದ್ದಾರೆ. ಅವರು ಎರಡೂ ಕಾರ್ಡಿಗೆ ಒಂದೇ ಫೋಟೊ ಬರೆಸುತ್ತಾರೆ. “ಧಾರೆ ಎರಡನೇ ಸಲ ಎರೆಸಲಿಕ್ಕೆ ಆಗ್ತದಾ?” ಅನ್ನುತ್ತಾರೆ.

ಸೆಕೆಂಡ್‌ಹ್ಯಾಂಡ್ ಬಾಡಿ ನೋಡಲು ಹೋಗುವಾಗ ನಿಮ್ಮದೇ ಮೆಮೊರಿ ಕಾರ್ಡ್, ನಿಮ್ಮದೇ ಲೆನ್ಸ್, ಸಾಧ್ಯವಾದರೆ ಯಾರಿಂದಾದರೂ ಎರವಲು ತಂದ ಒಂದು ಡಿ ಲೆನ್ಸ್ ತಗೊಂಡು ಹೋಗಿ. ಡಿ ಲೆನ್ಸ್ ಹಾಕಿ ಫೋಕಸ್ ಮಾಡಿ, ಬಾಡಿಯ ಮೋಟಾರ್ ಸರಿಯಿದೆಯೋ ಇಲ್ಲವೋ ತಿಳಿಯಲು ಬೇರೆ ದಾರಿಯಿಲ್ಲ. ಒಂದು ಜೆಪೆಗ್ ತೆಗೆದು ಮನೆಗೆ ತಂದು ಎಕ್ಸಿಫ್, ಅಂದರೆ ಫೋಟೊದ ಫೈಲಿನೊಳಗೆ ಕ್ಯಾಮೆರಾ ಬರೆದಿಡುವ ವಿವರ, ಓದುವ ಯಾವುದಾದರೂ ಸಾಫ್ಟ್‌ವೇರಿನಲ್ಲಿ ತೆರೆದರೆ ಶಟರ್ ಎಷ್ಟು ಸಲ ಬಿದ್ದಿದೆ ಅಂತ ಕಾಣುತ್ತದೆ. ಡಿ7200ರ ಶಟರನ್ನು ಕಂಪನಿ 1,50,000 ಸಲಕ್ಕೆ ಪರೀಕ್ಷಿಸಿದೆ. ಅದನ್ನು ದಾಟಿದ ಕೂಡಲೇ ಸಾಯುತ್ತದೆ ಅಂತಲ್ಲ, ಚೌಕಾಸಿಗೆ ಒಳ್ಳೆಯ ಆಧಾರ. ಬಿಳಿ ಗೋಡೆಗೆ ಹಿಡಿದು ಎಫ್ 16ರಲ್ಲಿ ಒಂದು ಫೋಟೊ ತೆಗೆಯಿರಿ. ಸೆನ್ಸರಿನ ಮೇಲಿನ ಧೂಳು ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಧೂಳು ತೊಳೆಸಬಹುದು, ಗೀರು ಬಿದ್ದಿದ್ದರೆ ಎದ್ದು ಬನ್ನಿ. ಸೆಟಪ್ ಮೆನುವಿನ ಬ್ಯಾಟರಿ ಇನ್‌ಫೋದಲ್ಲಿ ಬ್ಯಾಟರಿಯ ವಯಸ್ಸು 0ಯಿಂದ 4ರವರೆಗೆ ತೋರಿಸುತ್ತದೆ, 4 ಅಂದರೆ ಹೊಸದು ತರಬೇಕು. ಎರಡೂ ಸ್ಲಾಟಿಗೆ ಕಾರ್ಡ್ ಹಾಕಿ ನೋಡಿ. ಕೈ ಹಿಡಿಯುವ ಕಡೆಯ ರಬ್ಬರ್ ಉಬ್ಬಿ ಏಳುತ್ತಿದೆಯಾ ಅಂತ ಬೆರಳಾಡಿಸಿ.

ಲೆನ್ಸ್ ಕೊಳ್ಳುವಾಗ ಕರಾವಳಿಯವರು ಇನ್ನಷ್ಟು ಹುಷಾರಾಗಿರಬೇಕು. ಎರಡೂ ಕಡೆಯ ಮುಚ್ಚಳ ತೆಗೆದು, ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್. ಎಷ್ಟು ಅಗ್ಗಕ್ಕೆ ಕೊಟ್ಟರೂ ನಾನು ಅಂಥದ್ದನ್ನು ಮನೆಯೊಳಗೆ ತರುವುದಿಲ್ಲ.

ಇನ್ನು ಕೊಂಡ ಮೇಲಿನ ಮಾತು. ಹೊಸ ಬಾಡಿ ಬಂದ ವಾರವೇ ದೊಡ್ಡ ಕಾರ್ಯಕ್ರಮಕ್ಕೆ ಒಯ್ಯಬೇಡಿ. ಮೊದಲು ಮನೆಯಲ್ಲಿ ಲೆನ್ಸಿಗೂ ಬಾಡಿಗೂ ಹೊಂದಾಣಿಕೆ ನೋಡಿ. ಡಿ7200ರಲ್ಲಿ ಫೋಕಸ್ ಹಿಂದೆ ಮುಂದೆ ಬೀಳುವುದನ್ನು ತಿದ್ದುವ ಎಎಫ್ ಫೈನ್-ಟ್ಯೂನ್ ಇದೆ, ಡಿ3300ರಲ್ಲಿ ಇರಲಿಲ್ಲ. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು, ಅಚ್ಚಾದ ಅಕ್ಷರವಿರುವ ಡಬ್ಬಿಯೊಂದನ್ನು ಸೆನ್ಸರಿಗೆ ನೇರವಾಗಿ ನಿಲ್ಲಿಸಿ, ಪಕ್ಕದಲ್ಲಿ ಒಂದು ಸ್ಕೇಲನ್ನು ಓರೆಯಾಗಿ ಇಡಿ. ಅಪರ್ಚರ್ ಪೂರ್ತಿ ತೆರೆದು ಡಬ್ಬಿಗೆ ಫೋಕಸ್ ಮಾಡಿ ನಾಲ್ಕೈದು ಫೋಟೊ ತೆಗೆಯಿರಿ, ಪ್ರತಿ ಸಲವೂ ಫೋಕಸನ್ನು ಕೆಡಿಸಿ ಮತ್ತೆ ಹಿಡಿಸಿ. ಸ್ಕೇಲಿನಲ್ಲಿ ಸ್ಪಷ್ಟವಾಗಿರುವ ಜಾಗ ಡಬ್ಬಿಗಿಂತ ಮುಂದೆ, ನಿಮ್ಮ ಕಡೆಗೆ ಇದ್ದರೆ ಪ್ಲಸ್ ಕಡೆಗೆ ಸರಿಸಿ, ಹಿಂದೆ ಇದ್ದರೆ ಮೈನಸ್. ಎರಡೂ ಕಡೆ 20ರವರೆಗೆ ಹೋಗುತ್ತದೆ. ಝೂಮ್ ಲೆನ್ಸಿಗೆ ಒಂದೇ ಸಂಖ್ಯೆ ಕೊಡಲು ಸಾಧ್ಯ, ಹಾಗಾಗಿ ನೀವು ಹೆಚ್ಚು ಬಳಸುವ ತುದಿಗೆ ಹೊಂದಿಸಿ. ನನ್ನದು 200ರ ತುದಿ.

ಡಯಲಿನ ಮೇಲಿನ ಯು1, ಯು2 ಬಿಟ್ಟರೆ ಈ ಕ್ಯಾಮೆರಾದ ಅರ್ಧ ಸುಖ ಬಿಟ್ಟ ಹಾಗೆ. ನಿಮಗೆ ಬೇಕಾದ ಸೆಟ್ಟಿಂಗನ್ನೆಲ್ಲ ಮಾಡಿ ಅವುಗಳಲ್ಲಿ ಉಳಿಸಿದರೆ ಕತ್ತಲಲ್ಲಿ ಒಂದು ತಿರುವು ಸಾಕು. ನನ್ನ ಯು1 ರಂಗಸ್ಥಳಕ್ಕೆ: ಮ್ಯಾನುಯಲ್ ಮೋಡ್, ಶಟರ್ 1/320, ಎಫ್ 2.8, ಆಟೋ ಐಎಸ್‌ಓ 6400ರ ಮಿತಿ, ಎಕ್ಸ್‌ಪೋಷರ್ ಮೈನಸ್ 0.7. ಸುತ್ತ ಕತ್ತಲಿರುವುದರಿಂದ ಕ್ಯಾಮೆರಾದ ಬೆಳಕಿನ ಮೀಟರ್ ಎಲ್ಲವನ್ನೂ ಬೆಳಗಿಸಲು ಹೋಗಿ ಮುಖದ ಬಣ್ಣ ಬಿಳುಚಿಬಿಡುತ್ತದೆ, ಮೈನಸ್ ಅದಕ್ಕೆ. ಫೋಕಸ್ ಎಎಫ್-ಸಿ (ಬಿಡದೆ ಹಿಂಬಾಲಿಸುವಂಥದ್ದು), 9 ಪಾಯಿಂಟಿನ ಡೈನಮಿಕ್ (ಆರಿಸಿದ ಪಾಯಿಂಟಿಗೆ ಸುತ್ತಲಿನವೂ ನೆರವಾಗುವಂಥದ್ದು), ನಡುವಿನ ಕ್ರಾಸ್ ಪಾಯಿಂಟ್‌ಗಳಲ್ಲೇ ಒಂದು. 3ಡಿ ಟ್ರ್ಯಾಕಿಂಗ್ ಬಣ್ಣ ನೋಡಿ ಹಿಂಬಾಲಿಸುವಂಥದ್ದು. ರಂಗಸ್ಥಳದ ತುಂಬ ಅದೇ ಕೆಂಪು, ಅದೇ ಚಿನ್ನದ ಬಣ್ಣ ಇರುವಾಗ ಅದು ಒಬ್ಬರ ಕಿರೀಟ ಬಿಟ್ಟು ಇನ್ನೊಬ್ಬರ ಕಿರೀಟಕ್ಕೆ ಹಾರುತ್ತದೆ. ಮಂಡಿ ಹಾಕಿ ತಿರುಗುವಾಗ ಶಟರ್ ಇನ್ನೂ ಏರಿಸಿ, 1/500 ಬೇಕಾಗುತ್ತದೆ.

ಯು2 ಚೌಕಿಗೆ, ಅಂದರೆ ವೇಷ ಕಟ್ಟುವ ಬಣ್ಣದ ಮನೆಗೆ. ಅಲ್ಲಿ 50 ಎಂಎಂ, ಎಫ್ 2, ಶಟರ್ 1/100. ಈ 1/100 ಸುಮ್ಮನೆ ಹೇಳಿದ್ದಲ್ಲ. ನಮ್ಮ ಕರೆಂಟ್ 50 ಹರ್ಟ್ಸ್, ಹಳೆಯ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ ಅದಕ್ಕಿಂತ ಜೋರಾದರೆ ಒಂದು ಫೋಟೊ ಬೆಳ್ಳಗೆ, ಮುಂದಿನದು ಹಳದಿ, ಇನ್ನೊಂದರಲ್ಲಿ ಅಡ್ಡ ಪಟ್ಟೆ. 1/100 ಅಥವಾ 1/50 ಇಟ್ಟರೆ ಆ ಕಾಟ ಹೋಗುತ್ತದೆ. ಡಿ7500 ಮತ್ತು ಕೆನಾನ್ 80ಡಿಯಲ್ಲಿ ಫೋಟೊ ತೆಗೆಯುವಾಗಲೇ ಮಿನುಗು ತಪ್ಪಿಸುವ ಸೌಲಭ್ಯ ಇದೆ, ಡಿ7200ರಲ್ಲಿ ಅದು ವಿಡಿಯೋ ಮತ್ತು ಲೈವ್ ವ್ಯೂಗೆ (ಹಿಂದಿನ ಪರದೆ ನೋಡಿ ತೆಗೆಯುವಾಗ) ಮಾತ್ರ. ನನಗೆ ಹೊಟ್ಟೆಕಿಚ್ಚು ಬರುವ ಒಂದೇ ಜಾಗ ಇದು. ಅಂದಹಾಗೆ ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುತ್ತಿರುವವರನ್ನು ಕೇಳದೆ ಕ್ಯಾಮೆರಾ ಎತ್ತಬೇಡಿ. ಫ್ಲ್ಯಾಶ್ ಅಂತೂ ಅಲ್ಲೂ ಬೇಡ, ರಂಗಸ್ಥಳದಲ್ಲೂ ಬೇಡ.

ಹಕ್ಕಿ ಹಿಡಿಯುವವರ ಅನುಭವ ಬೇರೆ. ನಮ್ಮ ಭಾವ ಮೈಸೂರಿನಲ್ಲಿದ್ದಾರೆ, ಕೆನಾನ್ 1200ಡಿಯಿಂದ 80ಡಿಗೆ ಬಂದವರು. ಸೆಕೆಂಡಿಗೆ 3 ಫೋಟೊ ಇದ್ದದ್ದು 7 ಆಯಿತು, 9 ಪಾಯಿಂಟ್ ಇದ್ದದ್ದು 45. ರಂಗನತಿಟ್ಟಿನಲ್ಲಿ ದೋಣಿ ಅಲುಗುತ್ತಿರುವಾಗ ನೀರಿನ ಮೇಲೆ ರೀವ (ಟರ್ನ್) ಹಕ್ಕಿ ಹಾರಿದರೂ ಈಗ ಸಿಗುತ್ತದೆ ಅನ್ನುತ್ತಾರೆ. ಜೊತೆಗೆ ಅಕ್ಕ ಹೇಳುವುದನ್ನೂ ಕೇಳಬೇಕು: ಮೊದಲು ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಫೋಟೊ ಆರಿಸುವುದು ಮುಗಿಯುತ್ತಿತ್ತು, ಈಗ ಸೋಮವಾರವೂ ಸಾಲದು. ಡಿ7200ರಲ್ಲಿ ಹಕ್ಕಿಯವರಿಗೆ 1.3 ಕ್ರಾಪ್ ಅಂತ, ಸೆನ್ಸರಿನ ನಡುಭಾಗವನ್ನಷ್ಟೇ ಬಳಸುವ ಒಂದು ಮೋಡ್ ಇದೆ. ಫೋಟೊ 15 ಮೆಗಾಪಿಕ್ಸೆಲ್‌ಗೆ ಇಳಿಯುತ್ತದೆ, ಆದರೆ ಫೋಕಸ್ ಪಾಯಿಂಟ್‌ಗಳು ಚೌಕಟ್ಟಿನ ಬಹುಪಾಲು ಜಾಗ ಆವರಿಸುತ್ತವೆ, ವೇಗ ಸೆಕೆಂಡಿಗೆ 6 ಫೋಟೊದಿಂದ 7ಕ್ಕೆ ಏರುತ್ತದೆ.

ತೂಕದ ಬಗ್ಗೆ ಯಾರೂ ಮೊದಲೇ ಎಚ್ಚರಿಸುವುದಿಲ್ಲ. ಬ್ಯಾಟರಿ, ಕಾರ್ಡ್ ಸೇರಿ ಡಿ3300 460 ಗ್ರಾಂ, ಡಿ7200 765 ಗ್ರಾಂ. ಅದಕ್ಕೆ ನನ್ನ 80-200 ಸೇರಿದರೆ ಎರಡು ಕಿಲೋ ದಾಟುತ್ತದೆ. ಬೆಳಗಿನ ತನಕದ ಆಟಕ್ಕೆ ಮೊನೊಪಾಡ್ ಇಲ್ಲದೆ ಹೋಗಬೇಡಿ, ಟ್ರೈಪಾಡ್ ಹರಡಿದರೆ ಹಿಂದೆ ಕೂತವರು ಬೈಯುತ್ತಾರೆ. ಬ್ಯಾಟರಿ ಬೇರೆ ಮಾದರಿಯದ್ದು, ಹಳೆಯದು ಹೊಂದುವುದಿಲ್ಲ. ಆದರೆ ಕಂಪನಿಯ ಲೆಕ್ಕದಲ್ಲೇ 700 ಫೋಟೊ ಬರುತ್ತಿದ್ದಲ್ಲಿ 1,110 ಬರುತ್ತದೆ. ಎಸ್‌ಡಿ ಕಾರ್ಡ್‌ಗಳು, ಕಿಟ್ ಲೆನ್ಸ್ ಎಲ್ಲ ಹಾಗೇ ಉಪಯೋಗಕ್ಕೆ ಬರುತ್ತವೆ. ಡಿ3300ಕ್ಕೆ ಒಳ್ಳೆಯ ಬೆಲೆ ಬರದಿದ್ದರೆ ಮಾರಬೇಡಿ. ನಾನು ಅದಕ್ಕೆ 18-55 ಹಾಕಿ ಪೂರ್ತಿ ರಂಗಸ್ಥಳ ಬರುವ ಹಾಗೆ ಒಡ್ಡೋಲಗಕ್ಕೆ (ವೇಷಗಳು ಮೊದಲು ರಂಗಕ್ಕೆ ಬರುವ ಕುಣಿತಕ್ಕೆ) ಬಳಸುತ್ತೇನೆ, ಲೆನ್ಸ್ ಬದಲಿಸುವ ಗಡಿಬಿಡಿ ತಪ್ಪುತ್ತದೆ.

ಮಳೆಗಾಲಕ್ಕೆ ಎಲ್ಲವನ್ನೂ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಒಳಗೆ ಚಿಕ್ಕ ಹೈಗ್ರೋಮೀಟರ್ ಇಟ್ಟು ತೇವಾಂಶ 40ರಿಂದ 50 ಶೇಕಡಾ ಇರುವ ಹಾಗೆ ನೋಡಿಕೊಳ್ಳಿ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಆರಿದ ಮೇಲೆ ಮತ್ತೆ ಹಾಕಿ. ಚರ್ಮದ ಚೀಲದೊಳಗೆ ಮಾತ್ರ ಲೆನ್ಸ್ ಇಡಬೇಡಿ, ಫಂಗಸ್ ಮೊದಲು ಹಿಡಿಯುವುದು ಅಲ್ಲಿ. ಹದಿನೈದು ದಿನಕ್ಕೊಮ್ಮೆ ಹೊರಗೆ ತೆಗೆದು ನಾಲ್ಕು ಫೋಟೊ ತೆಗೆದು ಮತ್ತೆ ಒಳಗಿಡಿ.