ವರದಿ ಮೊದಲು ಊರಿಗೆ, ಆಮೇಲೆ ವಿಶ್ವವಿದ್ಯಾಲಯಕ್ಕೆ

ಸಮಾಜಕಾರ್ಯ ವಿಭಾಗದಲ್ಲಿ ಪಾಠ ಮಾಡುತ್ತಾ ಬಂದವನು ನಾನು. ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ವಿದ್ಯಾರ್ಥಿಗಳ ಕ್ಷೇತ್ರಕಾರ್ಯ ನೋಡಿಕೊಳ್ಳುವುದು, ಕೆಲವು ಪಿಎಚ್.ಡಿ. ಸಂಶೋಧಕರಿಗೆ ಮಾರ್ಗದರ್ಶನ ಮಾಡುವುದು ನನ್ನ ಕೆಲಸ. ನಮ್ಮ ವಿದ್ಯಾರ್ಥಿಗಳು ಹೋಗುವುದು ಹೆಚ್ಚಾಗಿ ಕೊಪ್ಪಳ, ಗದಗ ಸೀಮೆಯ ಒಣಬೇಸಾಯದ ಹಳ್ಳಿಗಳಿಗೆ. ಮಿತಿ ಮೀರಿದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಅಲ್ಲಿನ ಕೊಳವೆಬಾವಿ ನೀರಿನಲ್ಲಿ ಇರುವುದು ಹಳೆಯ ಸಂಗತಿ. ಆ ಬಗ್ಗೆ ಅಧ್ಯಯನಗಳಿಗೂ ಬರವಿಲ್ಲ. ಬರ ಇರುವುದು ಆ ಅಧ್ಯಯನಗಳು ತಿರುಗಿ ಊರಿಗೆ ಬರುವುದಕ್ಕೆ.

ಒಂದು ಊರಿನಲ್ಲಿ ನಮ್ಮ ವಿದ್ಯಾರ್ಥಿನಿಯೊಬ್ಬಳು ಪ್ರಶ್ನಾವಳಿ ಹಿಡಿದು ಕುಳಿತಾಗ ವಯಸ್ಸಾದ ತಾಯಿಯೊಬ್ಬರು ಆಕೆಗೆ ಹೇಳಿದ ಮಾತು ಇದು: "ಹೋದ ಸಲಾನೂ ಯಾರೋ ಬಂದು ಬಾಟ್ಲಿ ತುಂಬ್ಕೊಂಡು ಹೋದ್ರವ್ವಾ. ಈ ಬೋರಿನ ನೀರು ಕುಡೀಬೇಕೋ ಬ್ಯಾಡೋ, ಅಷ್ಟು ಹೇಳಾಕ ಒಬ್ರೂ ತಿರುಗಿ ಬರ್ಲಿಲ್ಲ." ಆ ಮಾತನ್ನು ಆಕೆ ತನ್ನ ಕ್ಷೇತ್ರಕಾರ್ಯದ ದಿನಚರಿಯಲ್ಲಿ ಬರೆದುಕೊಂಡು ಬಂದಳು. ಗುಂಪು ಸಭೆಯಲ್ಲಿ ಅದನ್ನು ಎಲ್ಲರ ಮುಂದೆ ಓದಿಸಿದೆ. ವರದಿ ಮೊದಲು ಊರಿಗೆ, ಆಮೇಲೆ ವಿಶ್ವವಿದ್ಯಾಲಯಕ್ಕೆ ಎನ್ನುವ ನಿಯಮ ನಮ್ಮಲ್ಲಿ ಹುಟ್ಟಿದ್ದು ಹಾಗೆ. ಈಗ ನಾನು ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ತಯಾರು ಮಾಡುವ ಇಡೀ ಕ್ರಮ ಈ ನಿಯಮದ ಮೇಲೆ ನಿಂತಿದೆ.

ಮೊದಲು ಮಾಡಿದ್ದು ಚೀಟಿಯ ಕೆಲಸ. ನಮ್ಮ ಮಾದರಿ ಚೀಟಿ ಎರಡು ಭಾಗದ್ದು. ಒಂದು ಭಾಗ ಬಾಟಲಿಗೆ ಅಂಟುತ್ತದೆ. ನೀರಿನ ಮೂಲ, ಓಣಿ, ದಿನಾಂಕ, ಹೊತ್ತು, ಮಾದರಿ ಸಂಖ್ಯೆ ಅದರಲ್ಲಿರುತ್ತವೆ. ಇನ್ನೊಂದು ಭಾಗವನ್ನು ಹರಿದು, ಆ ಮೂಲದಿಂದ ನೀರು ತರುವವರ ಕೈಗೆ ಕೊಡುತ್ತೇವೆ. ಅದರಲ್ಲಿ ಅದೇ ಸಂಖ್ಯೆ, ವಿಭಾಗದ ಫೋನ್ ನಂಬರ್, ಮತ್ತು ಫಲಿತಾಂಶ ಹೇಳಲು ನಾವು ತಿರುಗಿ ಬರುವ ತಾರೀಖು. ತಾರೀಖನ್ನು ವಿದ್ಯಾರ್ಥಿಯೇ ತನ್ನ ಕೈಯಾರೆ ಬರೆಯಬೇಕು. ಹಾಗೆ ಬರೆದುಕೊಟ್ಟು ಬಂದ ವಿದ್ಯಾರ್ಥಿ ಪ್ರಯೋಗಾಲಯದಲ್ಲಿ ಫಲಿತಾಂಶ ಕೇಳುವ ರೀತಿಯೇ ಬೇರೆ. ಅವನಿಗೆ ಅದು ಕೋಷ್ಟಕ ತುಂಬುವ ಅಂಕಿಯಲ್ಲ, ಯಾರಿಗೋ ಕೊಡಬೇಕಾದ ಉತ್ತರ.

ನೀರು ತುಂಬುವುದನ್ನೂ ಕಲಿಸುತ್ತೇನೆ, ಸಮಾಜಕಾರ್ಯದವರಿಗೆ ಅದೆಲ್ಲ ಯಾಕೆ ಎಂದು ಕೆಲವು ಸಹೋದ್ಯೋಗಿಗಳು ಕೇಳಿದರೂ. ಬೋರ್ ಚಾಲೂ ಮಾಡಿ ಕೆಲವು ನಿಮಿಷ ನೀರು ಹರಿಯಲು ಬಿಡಬೇಕು, ಪೈಪಿನಲ್ಲಿ ನಿಂತ ನೀರು ಹೋಗಬೇಕು. ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಬೇಕು. ಫ್ಲೋರೈಡ್ ಪರೀಕ್ಷೆಗೆ ಗಾಜಿನ ಬಾಟಲಿ ಬೇಡ. ನೀರು ತುಂಬಿದ್ದೇ ತಪ್ಪಾದರೆ ಆಮೇಲೆ ಊರ ಮುಂದೆ ನಿಂತು ಆಡುವ ಮಾತೂ ತಪ್ಪೇ. ಇದನ್ನು ಪ್ರಯೋಗಾಲಯದವರ ಪಾಲಿಗೆ ಬಿಟ್ಟು ಕೂರಲು ನನಗೆ ಮನಸ್ಸಿಲ್ಲ.

ಊರಿಗೆ ಹೋಗುವ ಮುಂಚೆ ಕೊಳವೆಬಾವಿಯ ಚರಿತ್ರೆ ಓದಿಸುತ್ತೇನೆ. 1983ರ ನಂತರ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರನ್ನು ಜನ ಇವತ್ತಿಗೂ 'ನೀರ್ ಸಾಬ್' ಎಂದೇ ನೆನೆಯುತ್ತಾರೆ, ಹಳ್ಳಿಹಳ್ಳಿಗೆ ಕೈಪಂಪು ಬಂದದ್ದಕ್ಕೆ. ಕೆರೆ, ಹಳ್ಳದ ನೀರು ಕುಡಿದು ಬೇನೆ ಬೀಳುತ್ತಿದ್ದ ಊರುಗಳಿಗೆ ಅದು ವರವಾಗಿತ್ತು. ಮುಂದೆ ಅಂತರ್ಜಲ ಇಳಿದು ಬೋರುಗಳು ಆಳಕ್ಕೆ ಹೋದವು. ಗ್ರಾನೈಟ್, ನೈಸ್ ಕಲ್ಲಿನ ಸಂದಿಯಲ್ಲಿ ಬಹುಕಾಲ ನಿಂತ ನೀರು ಆ ಕಲ್ಲಿನ ಫ್ಲೋರೈಡನ್ನು ಕರಗಿಸಿಕೊಂಡಿರುತ್ತದೆ. ಇದು ಗೊತ್ತಿರುವ ಹುಡುಗ "ನಿಮ್ಮ ಬೋರ್ ಕೆಟ್ಟದ್ದು" ಎಂದು ಹೋದ ಹೊಡೆತಕ್ಕೆ ಹೇಳುವುದಿಲ್ಲ. ಆ ಬೋರಿಗಾಗಿ ಊರವರು ಎಷ್ಟು ಓಡಾಡಿದ್ದರು ಎನ್ನುವುದನ್ನು ಮೊದಲು ಕೇಳುತ್ತಾನೆ.

ಇನ್ನು ಜಾತಿಯ ಮಾತು. ಇದನ್ನು ಪಠ್ಯಕ್ರಮದಲ್ಲಿ ಒಂದು ಘಟಕವೆಂದು ಮುಗಿಸಿದರೆ ವಿದ್ಯಾರ್ಥಿ ಊರಿನ ಅಗಸಿಯಲ್ಲೇ ತಬ್ಬಿಬ್ಬಾಗುತ್ತಾನೆ. ಹೆಸರು ಕೇಳಿದ ಮೇಲೆ ಬರುವ ಎರಡನೆಯ ಪ್ರಶ್ನೆ "ನೀವು ಯಾವ ಪೈಕಿ?" ಎಂಬುದೇ. ಮುಖ ನೋಡಿ ಮಣೆ ಹಾಕುವ ಊರಲ್ಲಿ ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಮಣೆಯೇ ಸಿಗುವುದಿಲ್ಲ. ಅವರಲ್ಲಿ ಬಹುಪಾಲು ತಮ್ಮ ಮನೆಯಲ್ಲಿ ಮೊದಲ ಸಲ ಸ್ನಾತಕೋತ್ತರ ಓದಿನ ಮೆಟ್ಟಿಲು ಹತ್ತಿದವರು. ಅವಮಾನ ಅವರಿಗೆ ಹೊಸದಲ್ಲ. ಆದರೆ ಪದವಿಯ ಕೆಲಸಕ್ಕೆಂದು ಹೋದಲ್ಲೂ ಅದನ್ನು ನುಂಗಿಕೊಂಡು ಬಾ ಎಂದು ಹೇಳುವ ಹಕ್ಕು ನನಗಿಲ್ಲ. ಹಾಗಾಗಿ ಕೆಲವು ಕಟ್ಟಳೆ ಮಾಡಿಕೊಂಡಿದ್ದೇವೆ. ಯಾರೂ ಒಬ್ಬೊಬ್ಬರೇ ಹೋಗುವಂತಿಲ್ಲ. ಮೊದಲ ಭೇಟಿ ದಲಿತರ ಕೇರಿಯಿಂದ ಶುರು. ಎಲ್ಲ ಓಣಿಯ ನೀರಿನ ಮೂಲವೂ ಪಟ್ಟಿಯಲ್ಲಿರಬೇಕು. ಸಭೆ ಗುಡಿಕಟ್ಟೆಯ ಮೇಲೂ ಬೇಡ, ಗೌಡರ ಪಡಸಾಲೆಯಲ್ಲೂ ಬೇಡ, ಶಾಲೆಯಲ್ಲೋ ಅಂಗನವಾಡಿಯಲ್ಲೋ ಆಗಲಿ. ಗುಡಿಕಟ್ಟೆಯ ಮೇಲೆ ಸಭೆ ಕರೆದರೆ ಯಾರು ದೂರ ನಿಲ್ಲುತ್ತಾರೆ, ಹೆಣ್ಣುಮಕ್ಕಳಲ್ಲಿ ಎಷ್ಟು ಜನ ಬಾಯಿ ಬಿಡುತ್ತಾರೆ ಎಂಬುದನ್ನು ಸಭೆಗೆ ಮುಂಚೆಯೇ ತರಗತಿಯಲ್ಲಿ ಮಾತಾಡಿ ಮುಗಿಸಬೇಕು. ಊರಿನಿಂದ ಬಂದ ದಿನ ವೈಯಕ್ತಿಕ ಸಮಾಲೋಚನೆಯಲ್ಲಿ ನಾನು ಕೇಳುವ ಮೊದಲ ಪ್ರಶ್ನೆ "ಎಷ್ಟು ಮನೆ ಆಯಿತು?" ಅಲ್ಲ, "ಎಲ್ಲಿ ಕೂತಿರಿ, ಯಾರು ನೀರು ಕೊಟ್ಟರು?"

ಫಲಿತಾಂಶ ಹೇಳುವ ಸಭೆಗೆ ತರಗತಿಯಲ್ಲೇ ತಾಲೀಮು ನಡೆಯುತ್ತದೆ. ಒಬ್ಬಳು ಪಂಚಾಯಿತಿ ಸದಸ್ಯೆ, ಒಬ್ಬ ವಾಟರ್‌ಮ್ಯಾನ್, ಒಬ್ಬಳು ಹಲ್ಲು ಕಂದಿದ ಮಗುವಿನ ತಾಯಿ ಆಗುತ್ತಾರೆ. ಪ್ರಶ್ನೆಗಳು ಊರಿನಿಂದಲೇ ಬಂದವು. "ಕಾಸಿ ಕುಡಿದ್ರ ಹೋಗ್ತೈತೇನ್ರಿ?" ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಫ್ಲೋರೈಡಿನ ಪ್ರಮಾಣ ಹೆಚ್ಚುತ್ತದೆ. "ಹಲ್ಲಿನ ಕಲೆ ಅಳಿಸ್ತಾವೇನು?" ನೀರು ಬದಲಾಯಿಸಿದರೆ ಆಗಿರುವ ಕಲೆ ಅಳಿಯುವುದಿಲ್ಲ, ಆದರೆ ಹಲ್ಲು ಇನ್ನೂ ಒಳಗೇ ಬೆಳೆಯುತ್ತಿರುವ ಚಿಕ್ಕ ಮಕ್ಕಳನ್ನು ಉಳಿಸಿಕೊಳ್ಳಬಹುದು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಸರಿ, ಬೇರೆ ಮೂಲವೇ ಇಲ್ಲದಾಗ 1.5ರವರೆಗೆ ಸಹಿಸಬಹುದು. ಇದನ್ನು ಹೇಳಲು ಬಣ್ಣದ ಸ್ಲೈಡು ಬೇಕಿಲ್ಲ. ಯಾವ ಬೋರಿನ ನೀರು ಕುಡಿಯಲು, ಅಡಿಗೆಗೆ ಆಗುತ್ತದೆ, ಯಾವುದು ಬರೀ ಬಟ್ಟೆ, ಪಾತ್ರೆ, ಸ್ನಾನಕ್ಕೆ ಎಂದು ದಪ್ಪ ಅಕ್ಷರದ ಒಂದು ಹಾಳೆ ಸಾಕು.

ಈ ತಾಲೀಮಿನಲ್ಲೇ ಒಬ್ಬ ವಿದ್ಯಾರ್ಥಿನಿ ಎತ್ತಿದ ಮಾತು ನಮ್ಮ ಪದ್ಧತಿಯನ್ನು ಇನ್ನಷ್ಟು ಬಿಗಿಗೊಳಿಸಿತು. ಹಲ್ಲು ಕಂದಿದ ಮಕ್ಕಳಿರುವ ಮನೆಗಳ ಪಟ್ಟಿ ಹೊರಗೆ ಬಿದ್ದರೆ ನಾಳೆ ಆ ಮನೆಯ ಹೆಣ್ಣುಮಕ್ಕಳಿಗೆ ವರ ಬರುವಾಗ ಏನಾಗುತ್ತದೆ ಎಂದು ಆಕೆ ಕೇಳಿದಳು. ಅಂದಿನಿಂದ ಫಲಿತಾಂಶವನ್ನು ನೀರಿನ ಮೂಲದ ಲೆಕ್ಕದಲ್ಲಿ ಮಾತ್ರ ಹೇಳುತ್ತೇವೆ, ಮನೆಯ ಲೆಕ್ಕದಲ್ಲಲ್ಲ. ಮಕ್ಕಳ ಹಲ್ಲಿನ ವಿವರ ತಂದೆತಾಯಿಗೆ ಮತ್ತು, ಅವರು ಒಪ್ಪಿದರೆ, ಆಶಾ ಕಾರ್ಯಕರ್ತೆಗೆ ಮಾತ್ರ. ಪ್ರಬಂಧದಲ್ಲಿ ಊರಿನ ಹೆಸರು ಬರಬೇಕೇ ಬೇಡವೇ ಎಂದು ಆ ಊರಿನ ಸಭೆಯಲ್ಲೇ ಕೇಳುತ್ತೇವೆ. ಸಂಶೋಧನೆಯ ನೀತಿಯ ಮೇಲೆ ನಾನು ಕೊಟ್ಟ ಯಾವ ಉಪನ್ಯಾಸವೂ ಆಕೆಯ ಒಂದು ಪ್ರಶ್ನೆಯಷ್ಟು ಕಲಿಸಿರಲಿಲ್ಲ.

ಬರೀ "ಈ ನೀರು ಬೇಡ" ಎಂದು ಹೇಳಿ ಬರುವಂತಿಲ್ಲ. ಹಾಗೆ ಹೇಳಿದರೆ ಮರುದಿನ ಕೊಡ ಹೊತ್ತು ಇನ್ನೂ ದೂರ ನಡೆಯುವವಳು ಒಬ್ಬ ಹೆಂಗಸೇ. ಸಭೆಗೆ ಮುಂಚೆ ವಿದ್ಯಾರ್ಥಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕಂಡಿರಬೇಕು, ಶುದ್ಧ ಕುಡಿಯುವ ನೀರಿನ ಘಟಕ ನಡೆಯುತ್ತಿದೆಯೇ ನೋಡಿರಬೇಕು, ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯವರ ಜೊತೆ ಕೂತಿರಬೇಕು. ಹಳ್ಳಿಯ ಮನೆಮನೆಗೆ ನಲ್ಲಿ ನೀರು ಕೊಡಲು 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಪ್ರಕಾರ ಪ್ರತಿ ಊರಿನಲ್ಲಿ ಐದು ಜನ ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸುವ ತರಬೇತಿ ಕೊಡಬೇಕು. ಅಂಥವರು ಊರಿನಲ್ಲಿದ್ದರೆ ನಮ್ಮವರು ಅವರ ಕೈಕೆಳಗೆ ಕಲಿಯುತ್ತಾರೆ. ಸಭೆಯಲ್ಲಿ ಮೊದಲು ಮಾತಾಡುವವರೂ ಅವರೇ.

ಪಾಂಡಿತ್ಯಕ್ಕೆ ಇದರಿಂದ ಧಕ್ಕೆಯಾಗುತ್ತದೆ ಎಂಬ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಒಂದು ಊರಿನ ಸಭೆಯಲ್ಲಿ ಹೆಣ್ಣುಮಕ್ಕಳು "ಕುಡಿಯಾಕ ಘಟಕದ ನೀರು ತರ್ತೀವ್ರಿ, ಅನ್ನಕ್ಕ, ಬ್ಯಾಳಿಗೆ ಬೋರಿನ ನೀರೇ" ಎಂದರು. ಇಪ್ಪತ್ತು ಲೀಟರಿನ ಕ್ಯಾನು ಹೊತ್ತು ತರುವವರು ಯಾರು, ಕಾಯಿನ್ ಹಾಕುವ ದುಡ್ಡು ಯಾರ ಕೈಯಲ್ಲಿದೆ, ಕೂಲಿಗೆ ಹೋಗುವ ಹೊತ್ತಿಗೆ ಘಟಕ ತೆರೆದಿರುತ್ತದೆಯೇ ಎಂದು ಮಾತು ಬೆಳೆಯಿತು. ಊರಿಗೆ ಘಟಕ ಬಂದ ಮೇಲೂ ಫ್ಲೋರೈಡ್ ಅನ್ನದ ತಟ್ಟೆಯ ದಾರಿಯಲ್ಲಿ ಹೊಟ್ಟೆ ಸೇರುತ್ತದೆ. ನನ್ನ ಒಬ್ಬ ಸಂಶೋಧಕನ ಪಿಎಚ್.ಡಿ. ಪ್ರಶ್ನೆ ಅಲ್ಲಿಂದಲೇ ಹುಟ್ಟಿತು. ಗ್ರಂಥಾಲಯದಲ್ಲಿ ಕೂತು ನಾವಿಬ್ಬರೂ ಆ ಪ್ರಶ್ನೆಯನ್ನು ಕಟ್ಟುತ್ತಿದ್ದೆವೆಂದು ನನಗೆ ಅನ್ನಿಸುವುದಿಲ್ಲ. ಪಿಎಚ್.ಡಿ.ಗೆ ಮುಂಚೆ ಲೇಖನ ಪ್ರಕಟಿಸಲೇಬೇಕೆಂಬ ಕಡ್ಡಾಯವನ್ನು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮಾವಳಿಯಲ್ಲಿ ಕೈಬಿಟ್ಟಿದೆ. ಅವಸರದ ಲೇಖನಕ್ಕೆ ಹೋಗುತ್ತಿದ್ದ ಸಮಯ ಊರಿಗೆ ಸಿಗಬೇಕೆಂದು ನನ್ನ ಸಂಶೋಧಕರಿಗೆ ಹೇಳುತ್ತೇನೆ.

ನೌಕರಿಯ ಚಿಂತೆ ಎಲ್ಲರಿಗೂ ಇದೆ, ಮನೆಯಲ್ಲಿ ಸಾಲ ಮಾಡಿ ಓದಿಸಿದವರಿಗೆ ಇನ್ನೂ ಹೆಚ್ಚು. ನಮ್ಮವರು ಸೇರುವುದು ಸ್ವಯಂಸೇವಾ ಸಂಸ್ಥೆಗಳಿಗೆ, ಸಂಜೀವಿನಿಯಂಥ ಜೀವನೋಪಾಯ ಯೋಜನೆಗಳಿಗೆ, ಆಸ್ಪತ್ರೆಗಳಿಗೆ, ಕಂಪನಿಗಳ ಸಿಎಸ್ಆರ್ (ಸಾಮಾಜಿಕ ಹೊಣೆಗಾರಿಕೆ) ವಿಭಾಗಗಳಿಗೆ. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕೆಂದ ಮೇಲೆ ಆ ದಾರಿ ಅಗಲವಾಗಿದೆ. ಕೆಲವರು ಪಿಡಿಒ ಪರೀಕ್ಷೆಗೆ ಕೂರುತ್ತಾರೆ. ಪ್ರತಿಯೊಬ್ಬರಿಗೂ ಒಂದು ಕಡತ ಕಟ್ಟಿಸುತ್ತೇನೆ. ಊರಿಗೆ ಕೊಟ್ಟ ಒಂದು ಹಾಳೆಯ ವರದಿ, ಸಭೆಯ ನಡಾವಳಿ, ಖರ್ಚಿನ ಲೆಕ್ಕ, ಪಂಚಾಯಿತಿಗೆ ಬರೆದ ಪತ್ರ ಮತ್ತು ಅದಕ್ಕೆ ಬಂದ ಉತ್ತರ ಅದರಲ್ಲಿರುತ್ತವೆ. "ಸಭೆ ನಡೆಸಿದ್ದೀಯಾ? ಜಗಳ ಆದಾಗ ಏನು ಮಾಡಿದೆ?" ಎಂದು ಸಂದರ್ಶನದಲ್ಲಿ ಕೇಳಿದರೆ ಹೇಳಲು ಅವರ ಬಳಿ ಮಾತಿದೆ, ತೋರಿಸಲು ಕಾಗದವಿದೆ.

ಇದೆಲ್ಲ ನಡೆಯಬೇಕಾದರೆ ಎರಡನೆಯ ಬಸ್ ಚಾರ್ಜಿಗೆ ದುಡ್ಡು ಬೇಕು. ಮಾದರಿ ತರಲು ಹೋಗುವ ಖರ್ಚು ಯೋಜನೆಯಲ್ಲಿ ಇರುತ್ತದೆ, ಫಲಿತಾಂಶ ಹೇಳಲು ತಿರುಗಿ ಹೋಗುವ ಖರ್ಚು ಇರುವುದಿಲ್ಲ. ವಿದ್ಯಾರ್ಥಿನಿಯರಿಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ರಾತ್ರಿ ಉಳಿಯಬೇಕಾದರೆ ಎಲ್ಲಿ, ಶೌಚಾಲಯ ಇದೆಯೇ ಎಂಬುದು ಸಂಶೋಧನಾ ವಿಧಾನದಷ್ಟೇ ಮುಖ್ಯ. ನಮ್ಮ ವಿಭಾಗದಲ್ಲಿ ಈಗ ಯಾವ ಕಿರುಪ್ರಬಂಧದ ಪ್ರಸ್ತಾವಕ್ಕೂ ತಿರುಗಿ ಹೋಗುವ ಖರ್ಚಿನ ಸಾಲು ಇಲ್ಲದೆ ನಾನು ಸಹಿ ಹಾಕುವುದಿಲ್ಲ. ಆಂತರಿಕ ಅಂಕಗಳಲ್ಲಿ ಒಂದು ಪಾಲನ್ನೂ ಆ ಸಭೆಗೆ ಮೀಸಲಿಟ್ಟಿದ್ದೇವೆ. ಈ ಸಲ ನೀರು ಸಮಿತಿಯ ಇಬ್ಬರು ಮಹಿಳೆಯರನ್ನು ವಿಭಾಗಕ್ಕೆ ಕರೆಸಿ, ಮುಂದಿನ ತಂಡದ ಪ್ರಶ್ನಾವಳಿಯನ್ನು ಅವರ ಮುಂದಿಟ್ಟು ತಿದ್ದಿಸಬೇಕೆಂದಿದ್ದೇನೆ. ಹೊರಗಿನಿಂದ ಬರುವ ಪ್ರಾಧ್ಯಾಪಕರಿಗೆ ಕೊಡುವಷ್ಟೇ ಗೌರವಧನ ಅವರಿಗೂ ಸಿಗಬೇಕೆಂದು ಬರೆದಿದ್ದೇನೆ. ಮಂಜೂರಾತಿ ಇನ್ನೂ ಬಂದಿಲ್ಲ. ಬರುವವರೆಗೆ ಪತ್ರ ಬರೆಯುತ್ತಲೇ ಇರುತ್ತೇನೆ.